ಪ್ರಿಂಟರ್ ಕಾರ್ಡಿಗೆ ಕೇಳಲು ಕಲಿಸಿದ ಅಕ್ಕೋರು

ಮೊನ್ನೆ ನಮ್ಮ ಜೊಯಿಡಾ ಹೈಸ್ಕೂಲಿನ ವಿಜ್ಞಾನದ ಅಕ್ಕೋರಿಗೆ ಬೀಳ್ಕೊಡುಗೆ ಆಯಿತು. ಮಾತಾಡಿದ ಏಳು ಜನರಲ್ಲಿ ಐವರು ಅವರನ್ನು ‘ಮಿತಭಾಷಿ’ ಎಂದು ಹೊಗಳಿದರು. ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವರು ಆ ಮಾತು ಬಂದಾಗಲೆಲ್ಲ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಹದಿನೆಂಟು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತವನು ನಾನು. ಅವರು ಮಿತಭಾಷಿಯಾಗಿದ್ದರೆ ನನ್ನ ತಲೆಗೂದಲು ಇಷ್ಟು ಬೇಗ ಉದುರುತ್ತಿರಲಿಲ್ಲ.

ಕೊನೆಗೆ ನನ್ನ ಸರದಿ ಬಂತು. ‘ವೇದಿಕೆಯ ಮೇಲಿರುವ’ ಎನ್ನುವಷ್ಟರಲ್ಲಿ ಮೈಕು ಗೊರಕೆ ಹೊಡೆದು ಸತ್ತಿತು. ಸನ್ಮಾನ ಮಾಡಿಸಿಕೊಳ್ಳುತ್ತಿದ್ದ ಅಕ್ಕೋರು ಹಣ್ಣಿನ ಬುಟ್ಟಿಯನ್ನು ಮುಖ್ಯ ಅತಿಥಿಗಳ ತೊಡೆಗೆ ದಾಟಿಸಿ, ಶಾಲನ್ನು ಸೊಂಟಕ್ಕೆ ಬಿಗಿದು, ತುರುಬಿನಿಂದ ಟೆಸ್ಟರ್ ಹಿರಿದು ಕೆಳಗಿಳಿದರು. ತಮ್ಮದೇ ಬೀಳ್ಕೊಡುಗೆಯ ಮೈಕನ್ನು ತಾವೇ ರಿಪೇರಿ ಮಾಡಿದ ಶಿಕ್ಷಕಿ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಮೈಕು ಬದುಕಿತು, ಆದರೆ ಅಷ್ಟರಲ್ಲಿ ಹುಗ್ಗಿ ಬಡಿಸಲು ಶುರುವಾಗಿತ್ತು. ಹುಗ್ಗಿಯ ವಾಸನೆಯ ಎದುರು ಯಾರ ಭಾಷಣ ನಿಂತೀತು? ಹಾಗೆ ಗಂಟಲಲ್ಲೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬಾರದೆಂದು ಅವರದೇ ಅಪ್ಪಣೆ.

ತುರುಬಿನಲ್ಲಿ ಟೆಸ್ಟರ್ ಎಂದೆನಲ್ಲ, ಅದು ಮೊದಲಿನಿಂದಲೂ ಹಾಗೆಯೇ. ಒಂದು ಕಡೆ ಅಬ್ಬಲಿಗೆ ಹೂವು, ಇನ್ನೊಂದು ಕಡೆ ಕೆಂಪು ಹಿಡಿಯ ಟೆಸ್ಟರ್. ಹೂವು ಬಾಡಿದರೆ ತೆಗೆಯುತ್ತಿದ್ದರು, ಕೆಲಸದ ಹೊತ್ತು ಬಿಟ್ಟರೆ ಟೆಸ್ಟರ್ ತೆಗೆದದ್ದನ್ನು ನಾನು ನೋಡಿಲ್ಲ. ಅವರ ತಂದೆ ಧಾರವಾಡದ ಕಡೆಯವರು, ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವರು. ಮಿಲ್ಲಿನ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಅಪ್ಪ ಅದೇ ಒಲೆಯ ಪಕ್ಕ ಕೂತು ತಂತಿಗಳಿಗೆ ಸೀಸ ಕರಗಿಸಿ ಸೋಲ್ಡರ್ ಹಾಕುತ್ತಿದ್ದರಂತೆ. ‘ನನಗ ಜ್ವಾಳದ ರೊಟ್ಟಿ ವಾಸನಿ ಬಂದ್ರ ಸೋಲ್ಡರ್ ನೆನಪಾಗ್ತೈತಿ, ಸೋಲ್ಡರ್ ವಾಸನಿ ಬಂದ್ರ ಹಸಿವಿ ಆಗ್ತೈತಿ’ ಎನ್ನುತ್ತಿದ್ದರು.

ಯಾವ ವಸ್ತುವೂ ಅವರ ಕಣ್ಣಿಗೆ ಮುಚ್ಚಿಕೊಂಡು ಇರಬಾರದು. ಸ್ಟಾಫ್ ರೂಮಿನ ಗಡಿಯಾರ, ಹೆಡ್ಮಾಸ್ತರರ ಟೇಬಲ್ ಫ್ಯಾನು, ನನ್ನ ಸ್ಕೂಟರಿನ ಹಾರ್ನು ಎಲ್ಲವನ್ನೂ ಬಿಚ್ಚಿದ್ದಾರೆ. ಬಿಚ್ಚುವುದು ಯಾರಿಗಾದರೂ ಬರುತ್ತದೆ, ಅವರು ಮುಚ್ಚಿಯೂ ತೋರಿಸುತ್ತಿದ್ದರು. ‘ಮುಚ್ಚಿದ ಮ್ಯಾಲೆ ಒಂದು ತಿರುಪು ಉಳೀತಂದ್ರ ನಮ್ಮ ಮರ್ಯಾದಿ ಉಳೀಲಿಲ್ಲ ಅಂತ ತಿಳೀರಿ’ ಎಂಬುದು ಅವರ ಮಾತು.

ಒಮ್ಮೆ ಶಾಲೆಯ ತಪಾಸಣೆಗೆ ಒಬ್ಬ ಹಿರಿಯ ಸಾಹೇಬರು ಬಂದರು. ಅವರ ಕಿವಿಯ ಯಂತ್ರ ಕೆಟ್ಟು ಹೋಗಿತ್ತು. ನಾವು ಏನು ಹೇಳಿದರೂ ‘ಒಳ್ಳೇದು, ಒಳ್ಳೇದು’ ಎಂದು ಬರೆದುಕೊಳ್ಳುತ್ತಿದ್ದರು. ತಪಾಸಣೆ ಇಷ್ಟು ಸುಖವಾಗಿ ಹಿಂದೆಂದೂ ನಡೆದಿರಲಿಲ್ಲ. ಅಕ್ಕೋರಿಗೆ ಸುಮ್ಮನಿರಲು ಆಗಬೇಕಲ್ಲ! ‘ಸರ, ಇಲ್ಲಿ ಕೊಡ್ರಿ’ ಎಂದು ಸಾಹೇಬರ ಕಿವಿಯಿಂದ ಯಂತ್ರವನ್ನು ತೆಗೆದೇಬಿಟ್ಟರು. ಹೇರ್‌ಪಿನ್ನಿನಿಂದ ಏನೋ ಕೆರೆದು, ಊದಿ, ವಾಪಸು ಸಿಕ್ಕಿಸಿದರು. ನಾನು ಅದೇ ಕ್ಷಣದಲ್ಲಿ ಹೆಡ್ಮಾಸ್ತರರಿಗೆ, ‘ಸಾಹೇಬ್ರಿಗೆ ಕೇಳಸೂದಿಲ್ಲ ಅನ್ನೂದ ನಮ್ಮ ಪುಣ್ಯಾ ನೋಡ್ರಿ’ ಎನ್ನುತ್ತಿದ್ದೆ. ಆ ಯಂತ್ರದಲ್ಲಿ ಸಾಹೇಬರು ಕೇಳಿದ ಮೊದಲ ವಾಕ್ಯ ಅದು. ಆ ವರ್ಷದ ವರದಿಯಲ್ಲಿ ಸಮಾಜ ವಿಜ್ಞಾನ ವಿಭಾಗದ ಬಗ್ಗೆ ಒಂದು ಇಡೀ ಪುಟವಿತ್ತು. ಆ ವಿಭಾಗ ಎಂದರೆ ನಾನೊಬ್ಬನೇ.

ಇನ್ನು ನನ್ನ ಕೈಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ವರ್ಷಗಳ ಹಿಂದೆ ಕೋಗಿಲಬನದ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದೆ. ಅಂದಿನಿಂದ ನನ್ನ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಊಟಕ್ಕೆ, ಬರೆಯುವುದಕ್ಕೆ, ಹುಡುಗರ ಬೆನ್ನು ತಟ್ಟುವುದಕ್ಕೆ ಏನೂ ಅಡ್ಡಿಯಿಲ್ಲ. ಅಡ್ಡಿ ಬಂದದ್ದು ರಸಪ್ರಶ್ನೆಗೆ.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲೂಕಿನ ಶಿಕ್ಷಕರಿಗೆ ವರ್ಷಕ್ಕೊಮ್ಮೆ ಹಳಿಯಾಳದಲ್ಲಿ ರಸಪ್ರಶ್ನೆ ನಡೆಯುತ್ತದೆ. ತಾಲೂಕಿಗೆ ಇಬ್ಬರಂತೆ ಎಂಟು ಜನ, ಆದರೆ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಆಡಬೇಕು. ಗೆದ್ದವರಿಗೆ ಒಂದು ಹಿತ್ತಾಳೆಯ ಶೀಲ್ಡು. ತರಗತಿಯಲ್ಲಿ ಶಾಂತಿಯ ಪಾಠ ಮಾಡುವ ಜನ ಅಲ್ಲಿ ‘ನನ್ನ ಕೈ ಮೊದಲು, ನನ್ನ ಕೈ ಮೊದಲು’ ಎಂದು ಜಗಳಾಡುವುದನ್ನು ನಮ್ಮ ಮಕ್ಕಳು ನೋಡಬಾರದು. ಪ್ರಶ್ನೆ ಕೇಳುವವರು ಒಬ್ಬ ನಿವೃತ್ತ ಹೆಡ್ಮಾಸ್ತರರು. ಯಾರ ಕೈ ಮೊದಲು ಎದ್ದಿತೋ ಅವರನ್ನು ಕರೆಯುತ್ತಾರೆ. ಹದಿನೈದು ವರ್ಷ ನಾನು ಜೊಯಿಡಾದ ಪರವಾಗಿ ಅಲ್ಲಿ ಕೂತಿದ್ದೇನೆ, ಹದಿನೈದು ವರ್ಷವೂ ನನ್ನ ಬಲಗೈ ಮೇಜಿನ ಅಂಚಿನಿಂದ ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿದೆ. ಎಡಗೈ ಎತ್ತಬಹುದಲ್ಲ ಎನ್ನುತ್ತೀರಿ. ಎತ್ತಿದ್ದೆ. ‘ಸರ, ಎಡಗೈ ಇಳಸ್ರಿ. ಸರಸ್ವತಿ ಫೋಟೋ ಐತಿ ಮುಂದ’ ಎಂದು ಆ ಹಿರಿಯರು ಎಲ್ಲರ ಎದುರು ಹೇಳಿ, ದಾಂಡೇಲಿಯವರನ್ನು ಕರೆದರು.

ಹಾಗಾಗಿ ಪ್ರತಿ ವರ್ಷ ಸೋತು ಬಂದು ನಾನು ಸ್ಟಾಫ್ ರೂಮಿನಲ್ಲಿ ಒಂದೇ ರಾಗ ಹಾಡುತ್ತಿದ್ದೆ: ‘ಎಲ್ಲಾ ಉತ್ತರ ಗೊತ್ತಿತ್ತು. ನನ್ನ ಕೈ ಕಂಡಿದ್ರ ಆ ಶೀಲ್ಡು ಇವತ್ತ ಇಲ್ಲಿ ಇರ್ತಿತ್ತು.’ ಉಳಿದವರು ಚಹಾ ಕುಡಿಯುತ್ತಾ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಂಬುತ್ತಿದ್ದವರು ಅಕ್ಕೋರು ಒಬ್ಬರೇ. ಒಂದು ವರ್ಷ ನನ್ನ ರಾಗ ಮುಗಿಯುವ ಮುಂಚೆಯೇ ಅವರು ಚಹಾದ ಲೋಟ ಕೆಳಗಿಟ್ಟರು.

‘ಖರೇ ಹೇಳ್ರಿ ಸರ. ಕೈ ಕಂಡಿದ್ರ ಗೆಲ್ತಿದ್ರೇನು?’

‘ಗೆಲ್ತಿದ್ದೆ.’

‘ಕೈ ಎತ್ತೂದ ಬ್ಯಾಡ. ಬಟ್ಟು ಒತ್ತೂದು ಮಾಡೂಣು. ಬಟ್ಟು ಬಗ್ತಾವಲ್ಲ?’

ಬೆರಳು ಬಗ್ಗಿಸಿ ತೋರಿಸಿದೆ. ಮರುದಿನ ಅವರು ಸ್ಟೋರ್ ರೂಮಿನ ಬೀಗದ ಕೈ ಇಸಿದುಕೊಂಡರು.

ಸ್ಟೋರ್ ರೂಮಿನಲ್ಲಿ, ಮುರಿದ ಬೆಂಚುಗಳ ಹಿಂದೆ, ಒಂದು ಪುರಾತನ ಕಂಪ್ಯೂಟರ್ ಇತ್ತು. ಯಾವುದೋ ಕಚೇರಿಯವರು ಹೊಸದು ಕೊಂಡಾಗ ನಮಗೆ ದಾನ ಕೊಟ್ಟದ್ದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವ ಕಾಲದ್ದು, ಇಬ್ಬರು ಹೊರಬೇಕು. ಹೆಡ್ಮಾಸ್ತರರು ಅದನ್ನು ಗುಜರಿಗೆ ಕೊಡಬೇಕೆಂದು ನಾಲ್ಕು ಸಲ ಹೊರಟಿದ್ದರು, ನಾಲ್ಕು ಸಲವೂ ಅಕ್ಕೋರು ‘ಬಿಚ್ಚಿ ನೋಡಲಾರ್ದ ಕೊಡಬ್ಯಾಡ್ರಿ’ ಎಂದು ತಡೆದಿದ್ದರು. ಈಗ ಬಿಚ್ಚಿದರು. ಒಳಗೆ ಇಲಿಯ ಗೂಡು, ಗೂಡಿನಲ್ಲಿ ನಾನು ಎಂದೋ ಕಳೆದುಕೊಂಡಿದ್ದ ಪಾಠ ಟಿಪ್ಪಣಿಯ ಅರ್ಧ. ಗೂಡು ತೆಗೆದು ಎರಡು ದಿನ ಒರೆಸಿ, ಒಣಗಿಸಿ, ಅವರು ಸ್ವಿಚ್ ಹಾಕಿದಾಗ ಅದು ‘ಕುಂಯ್’ ಎಂದು ಎದ್ದಿತು. ಅಕ್ಕೋರು ಎರಡೂ ಕೈಯಿಂದ ದೃಷ್ಟಿ ತೆಗೆದು ಲಟಿಕೆ ಮುರಿದರು.

ಹೊಸದಾಗಿ ಬಂದಿದ್ದ ಗಣಿತದ ಮಾಸ್ತರರು ನಕ್ಕರು. ‘ಅಕ್ಕೋರ, ಇದಕ್ಕೆಲ್ಲ ಫೋನಿನ್ಯಾಗ ಆ್ಯಪ್ ಅದಾವ್ರಿ. ಎಂಟು ಮಂದಿ ಎಂಟು ಫೋನ್ ಹಿಡ್ಕೊಂಡ್ರ ಆತು.’

‘ಫೋನ್ ಕೈಯಾಗ ಕೊಟ್ಟು ರಸಪ್ರಶ್ನೆ ಮಾಡೂದಂದ್ರ ಪುಸ್ತಕ ಬಿಚ್ಚಿಟ್ಟು ಪರೀಕ್ಷಾ ಬರ್ದಂಗ’ ಎಂದರು ಅಕ್ಕೋರು. ‘ಅದರಾಗೂ ನಾವು ಮಾಸ್ತರ ಮಂದಿ. ನಮ್ಮನ್ನ ನಾವ ನಂಬೂದಿಲ್ಲ.’

ಆ ಪೆಟ್ಟಿಗೆಯ ಒಳಗೆ ದೊಡ್ಡ ಹಲಗೆಯೊಂದು ಮಲಗಿರುತ್ತದೆ. ಅದರ ಮೇಲೆ ಸಣ್ಣ ಹಲಗೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅವಕ್ಕೆ ಕಾರ್ಡು ಎನ್ನುತ್ತಾರೆ. ಪರದೆಗೆ ಒಂದು, ಫ್ಲಾಪಿಗೆ ಒಂದು, ಪ್ರಿಂಟರಿಗೆ ಒಂದು. ಅಕ್ಕೋರು ಪ್ರಿಂಟರಿನ ಕಾರ್ಡನ್ನು ಕಿತ್ತು ನನ್ನ ಮೇಜಿನ ಮೇಲೆ ಇಟ್ಟರು. ಸಮಾಜ ವಿಜ್ಞಾನದವನಿಗೂ ತಿಳಿಯುವಂತೆ ಹೇಳುವುದು ಅವರಿಗೆ ಗೊತ್ತಿತ್ತು.

‘ಈ ಕಾರ್ಡು ನಮ್ಮ ಹೆಡ್ಮಾಸ್ತರಂಗ ನೋಡ್ರಿ. ಹೇಳಾಕ ಎಂಟು ತಂತಿ ಅದಾವ. ಕೇಳಾಕ ಐದ. ಆ ಐದೂ ಬರೇ ತಕರಾರು ಕೇಳಾಕ. ಕಾಗದ ಮುಗೀತು, ಸ್ವಲ್ಪ ತಡೀರಿ, ಕೆಟ್ಟೈತಿ, ಇಂಥಾವ.’

‘ಐದು ಸಾಲೂದಿಲ್ಲೇನ್ರಿ?’

‘ಕೂಡಾವ್ರು ಎಂಟು ಮಂದಿ. ಉಳಿದ ಮೂವರಿಗೆ ಏನ್ ಗಂಟಿ ಕೊಡ್ಲಿ? ಅದಕ್ಕ ಈ ಹೇಳೂ ತಂತಿ ಅದಾವಲ್ಲ ಎಂಟು, ಇವಕ್ಕ ಕೇಳೂದು ಕಲಸಬೇಕು.’

ಕಾರ್ಡಿನ ಮೇಲೆ ಕಾಲು ಮೂಡಿದ, ಐಸಿ ಎಂಬ ಕಪ್ಪು ಚಿಪ್‌ಗಳಿದ್ದವು. ಅದರಲ್ಲೊಂದು ಇಪ್ಪತ್ತು ಕಾಲಿನದು. ಕಂಪ್ಯೂಟರ್ ಹೇಳಿದ್ದನ್ನು ಹಿಡಿದು ಪ್ರಿಂಟರಿಗೆ ಒದರುವ ಕೆಲಸ ಅದರದು. ಅದರ ಒಂದನೆಯ ಕಾಲನ್ನು ತಾಮ್ರದ ಗೆರೆಯಿಂದ ಗ್ರೌಂಡ್ ಎಂಬ ಸೊನ್ನೆ ವೋಲ್ಟಿನ ಜಾಗಕ್ಕೆ ಕಟ್ಟಿಬಿಟ್ಟಿದ್ದರು. ಹಾಗೆ ಕಟ್ಟಿರುವತನಕ ಅದು ಬಾಯಿ ಮುಚ್ಚುವುದಿಲ್ಲ, ತಾನೇ ಒದರುತ್ತಿದ್ದರೆ ಬೇರೆಯವರ ಮಾತು ಎಲ್ಲಿ ಕೇಳಬೇಕು? ಅದರ ಪಕ್ಕ ಇನ್ನೊಂದು ಐಸಿ. ‘ಇದರಾಗ ಆರು ಮಂದಿ ಅದಾರ ಸರ. ಐದು ಮಂದಿಗೆ ಕೆಲಸ ಐತಿ. ಆರನೇಯಾಂವ ದಿನಾ ಹಾಜರಿ ಹಾಕಿ ಖಾಲಿ ಕುಂತಾನ. ಅವನ ಕಾಲಿನಿಂದ ಈ ಬಾಯಿಬಡಕನ ಕಾಲಿಗೆ ಒಂದು ತಂತಿ ಎಳೀತೇನಿ. ನಾ ಹೇಳಿದಾಗ ಬಾಯಿ ಮುಚ್ಚಸೂದು ಅವನ ಡ್ಯೂಟಿ.’ ಎಲ್ಲ ಇಲಾಖೆಯಲ್ಲೂ ಅಂಥ ಆರನೆಯವನು ಇರುತ್ತಾನೆ, ಅವನಿಗೆ ಕೆಲಸ ಹುಡುಕಿ ಕೊಟ್ಟವರನ್ನು ನಾನು ಮೊದಲ ಸಲ ನೋಡಿದೆ.

ಬ್ಲೇಡಿನಿಂದ ತಾಮ್ರದ ಗೆರೆ ಕೊಯ್ದರು. ಕೂದಲಿನಷ್ಟು ತೆಳುವಾದ ತಂತಿಯನ್ನು ಸೋಲ್ಡರ್ ಮಾಡಿದರು. ಎಂಟು ಸೋಪಿನ ಡಬ್ಬಿಗಳಿಗೆ ಎಂಟು ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿದರು. ಹಳೆಯ ಟೆಲಿಫೋನ್ ತಂತಿ ಎಳೆದು ಎಲ್ಲವನ್ನೂ ಕಾರ್ಡಿಗೆ ಜೋಡಿಸಿ, ‘ಒತ್ತ್ರಿ ಸರ’ ಎಂದರು. ಒತ್ತಿದೆ. ಪರದೆಯ ಮೇಲೆ ಏನೂ ಇಲ್ಲ. ಇನ್ನೊಂದು ಒತ್ತಿದೆ. ಏನೂ ಇಲ್ಲ, ಆದರೆ ಸುಟ್ಟ ವಾಸನೆ ಬಂತು. ಅಕ್ಕೋರು ಆ ಇಪ್ಪತ್ತು ಕಾಲಿನ ಐಸಿಯನ್ನು ಮುಟ್ಟಿ ‘ಎಪ್ಪಾ!’ ಎಂದು ಬೆರಳು ಬಾಯಿಗೆ ಹಾಕಿಕೊಂಡರು.

ನಾನು ನಕಾಶೆ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಇಸಿದುಕೊಂಡು ಅವರು ಅರ್ಧ ಗಂಟೆ ಕಾರ್ಡಿನ ಮೇಲೆ ಬಗ್ಗಿದರು. ಕೊಯ್ದ ಜಾಗದಲ್ಲಿ ತಾಮ್ರದ ಒಂದು ಎಳೆ ಉಳಿದುಕೊಂಡಿತ್ತು. ಬಾಯಿಬಡಕ ಬಾಯಿ ಮುಚ್ಚಿರಲೇ ಇಲ್ಲ. ನಾವು ಒತ್ತಿದ ಗುಂಡಿಯ ಜೊತೆ ಜಗಳವಾಡಿ, ಕಾದು, ಸತ್ತುಹೋಗಿತ್ತು. ‘ಕೊಯ್ದೇನಿ ಅಂತ ತಿಳದಿದ್ದೆ. ಕೊಯ್ದಿದ್ದಿಲ್ಲ. ತಪ್ಪು ನಂದ’ ಎಂದರು. ತಪ್ಪು ತನ್ನದು ಎಂದು ಇಷ್ಟು ಸಲೀಸಾಗಿ ಹೇಳುವುದು ನನಗೆ ಇವತ್ತಿಗೂ ಬಂದಿಲ್ಲ. ಹುಬ್ಬಳ್ಳಿಯ ರೇಡಿಯೋ ಅಂಗಡಿಯಿಂದ ಅದೇ ನಮೂನೆಯ ಐಸಿ ಬರಲು ಎಷ್ಟೋ ವಾರ ಹಿಡಿಯಿತು. ಅಷ್ಟೂ ದಿನ ಅವರು ಸತ್ತ ಐಸಿಯನ್ನು ಕಾರ್ಡಿನಿಂದ ಕಾಲು ಕಾಲಾಗಿ ಬಿಡಿಸುತ್ತಾ ಕೂತರು.

ಹೊಸ ಐಸಿ ಕೂತ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಮೂರನೆಯ ಗುಂಡಿ ಒತ್ತಿದೆ. ಪರದೆಯ ತುಂಬ ಹಸಿರು ಚುಕ್ಕಿಗಳಲ್ಲಿ ದೊಡ್ಡದೊಂದು ಮೂರು ಮೂಡಿತು. ಅಕ್ಕೋರು ‘ಕೇಳ್ತು! ಕೇಳ್ತು!’ ಎಂದು ಕಿರುಚಿ, ನನ್ನ ಎಡಗೈ ಹಿಡಿದು ಒಂದು ಸುತ್ತು ಫುಗಡಿ ಆಡಿಸಿಬಿಟ್ಟರು. ಐವತ್ತು ದಾಟಿದ ಇಬ್ಬರು ಸ್ಟಾಫ್ ರೂಮಿನಲ್ಲಿ ಗಿರಗಿರ ತಿರುಗುವುದನ್ನು ನೋಡಿ ಬಿಸಿಯೂಟದ ಮಾವಶಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಅವರ ಕೈಯಿಂದಲೂ ಒತ್ತಿಸಿದೆವು. ಐದು ಬಂತು.

‘ಯವ್ವಾ! ಮನ್ಯಾಗ ನನ್ನ ಮಾತು ಒಬ್ಬರೂ ಕೇಳಂಗಿಲ್ಲ. ಇದು ಒಂದ ಬಟ್ಟಿಗೆ ಕೇಳ್ತಲ್ಲ!’ ಎಂದು ಮಾವಶಿ ಅನ್ನ ತಳ ಹಿಡಿಯುವವರೆಗೂ ಒತ್ತುತ್ತಾ ನಿಂತರು.

ಮರುವರ್ಷದ ರಸಪ್ರಶ್ನೆಗೆ ನಾವು ಕಂಪ್ಯೂಟರನ್ನೂ ಬಸ್ಸಿನಲ್ಲಿ ಹಳಿಯಾಳಕ್ಕೆ ಒಯ್ದೆವು. ಅಕ್ಕೋರು ಆ ಹಿರಿಯರನ್ನು ಒಪ್ಪಿಸಿ, ಎಂಟು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನನ್ನನ್ನು ಎಂಟನೆಯದರ ಮುಂದೆ ಕೂರಿಸಿದರು. ಪ್ರಶ್ನೆಯ ನಡುವೆಯೂ ಒತ್ತಬಹುದು, ಆದರೆ ಒತ್ತಿದ ಕೂಡಲೇ ಪ್ರಶ್ನೆ ನಿಲ್ಲುತ್ತದೆ, ಉತ್ತರ ಹೇಳಲೇಬೇಕು, ತಪ್ಪಿದರೆ ಸರದಿ ಉಳಿದವರಲ್ಲಿ ಮೊದಲು ಒತ್ತಿದವರಿಗೆ ಎಂದು ನಿಯಮವಾಯಿತು. ಹದಿನೈದು ವರ್ಷದ ನೆಪ ಈಗ ನನ್ನ ಜೊತೆಗಿರಲಿಲ್ಲ. ಇಂದು ಗೆಲ್ಲದಿದ್ದರೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಕಣ್ಣು ಮಿಟುಕಿಸುತ್ತಿದ್ದವರೆಲ್ಲರ ಮಾತು ನಿಜವಾಗುತ್ತಿತ್ತು, ನಂಬಿದ ಒಬ್ಬರ ಮಾತು ಸುಳ್ಳಾಗುತ್ತಿತ್ತು.

ಮೊದಲ ಪ್ರಶ್ನೆ ಬಂತು. ಏಳು ಕೈಗಳು ಗಾಳಿಯಲ್ಲಿ ಎದ್ದವು!

ಮೂವತ್ತು ವರ್ಷ ಮಕ್ಕಳಿಗೆ ‘ಉತ್ತರ ಗೊತ್ತಿದ್ದವರು ಕೈ ಎತ್ತಿ’ ಎಂದು ಹೇಳಿಕೊಟ್ಟವರು. ಉತ್ತರ ಹೊಳೆದ ಕೂಡಲೇ ಅವರ ಕೈ ತಾನಾಗಿ ಏಳುತ್ತಿತ್ತು. ಗುಂಡಿಯ ನೆನಪು ಆಮೇಲೆ. ಎತ್ತಲಾಗದ ಕೈಯ ನಾನು ಸುಮ್ಮನೆ ಬೆರಳು ಒತ್ತಿದೆ. ಪರದೆಯ ತುಂಬ ಎಂಟು. ‘ಜೊಯಿಡಾ ಸರ, ಹೇಳ್ರಿ’ ಎಂದರು ಹಿರಿಯರು. ಅವರ ಬಾಯಿಂದ ಆ ಮಾತು ಕೇಳಲು ನಾನು ಹದಿನೈದು ವರ್ಷ ಕಾದಿದ್ದೆ. ಉತ್ತರ ಹೇಳಿದೆ, ಸರಿಯಾಗಿತ್ತು. ಎರಡನೆಯ ಪ್ರಶ್ನೆಗೆ ಮತ್ತೆ ಏಳು ಕೈ. ‘ಕೈ ಎತ್ತಬ್ಯಾಡ್ರಿ, ಗುಂಡಿ ಒತ್ತ್ರಿ!’ ಎಂದು ಹಿರಿಯರು ಕೂಗಿದರು. ಮುಂಡಗೋಡದ ಹಿಂದಿ ಮಾಸ್ತರರು ಬಲಗೈಗೆ ಬುದ್ಧಿ ಬರಲೆಂದು ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಆಮೇಲೆ ಒತ್ತಲು ಕೈ ಹೊರಗೆ ಬರಬೇಕಲ್ಲ! ಮೂರನೆಯದೂ ನನ್ನದು. ನಾಲ್ಕನೆಯದೂ ನನ್ನದು. ಸಭಿಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಗ ಹಳಿಯಾಳದ ಗಣಿತ ಮಾಸ್ತರರು ಎದ್ದು ನಿಂತರು. ‘ಇದು ಮೋಸಾರಿ. ಮಶೀನು ಜೊಯಿಡಾದವರದು, ಗೆಲ್ಲೂದೂ ಜೊಯಿಡಾದವರ.’

ಅಕ್ಕೋರು ಕಂಪ್ಯೂಟರಿನ ಹಿಂದಿನಿಂದ ಎದ್ದರು. ‘ಸರ, ಇದರಾಗ ಒಂದು ಪಕ್ಷಪಾತ ಐತಿ, ಖರೇ. ಇದು ಒಂದರಿಂದ ಎಣಿಸಿ ನೋಡ್ತೈತಿ. ಇಬ್ಬರು ಒಮ್ಮೆಲೆ ಒತ್ತಿದ್ರ ಸಣ್ಣ ನಂಬರ್ ಯಾರದೋ ಅವರಿಗೆ ಹೋಗ್ತೈತಿ. ನಿಮ್ಮದು ಎಷ್ಟು?’

‘ಮೂರು.’

‘ನಮ್ಮ ಸರದು?’

ಗಣಿತ ಮಾಸ್ತರರು ನನ್ನ ಡಬ್ಬಿಯನ್ನು ನೋಡಿದರು. ‘ಎಂಟು’ ಎಂದು ಕೂತುಬಿಟ್ಟರು.

ಆವತ್ತಿನವರೆಗೆ ಅದು ನನಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಕೆಟ್ಟ ಜಾಗದಲ್ಲಿ ನನ್ನನ್ನು ಕೂರಿಸಿದ್ದರು, ಅಲ್ಲಿಂದಲೂ ಗೆಲ್ಲುತ್ತೇನೆಂದು ನಂಬಿದ್ದರು. ನನ್ನ ಕಣ್ಣು ಮಂಜಾಯಿತು, ಅದರ ಬೆನ್ನಿಗೇ ತಲೆಗೆ ಗಾಳಿ ಹೊಕ್ಕಿತು. ಉಬ್ಬಿಹೋದೆ.

ಅಷ್ಟರಲ್ಲಿ ಉಳಿದವರ ಬೆರಳುಗಳು ಪಳಗಿದ್ದವು. ಗಣಿತ ಮಾಸ್ತರರು ಒಂದೊಂದೇ ಅಂಕ ಗಳಿಸುತ್ತಾ ಬಂದು ನನ್ನ ಸಮಕ್ಕೆ ನಿಂತರು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಗೆದ್ದವರಿಗೆ ಶೀಲ್ಡು.

ಹಿರಿಯರು ಚೀಟಿ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು: ‘ಕಾಳಿ ನದಿ...’

ಒತ್ತಿಬಿಟ್ಟೆ!

ಕಾಳಿ! ನಮ್ಮ ಜೊಯಿಡಾದ ನೀರು! ದಿನಾ ಪಾಠ ಮಾಡುವ ನದಿ! ಪರದೆಯ ತುಂಬ ಎಂಟು ಹೊಳೆಯಿತು. ಪ್ರಶ್ನೆ ಅಲ್ಲಿಗೇ ನಿಂತಿತು. ‘ಹೇಳ್ರಿ ಸರ’ ಎಂದರು ಹಿರಿಯರು. ಏನು ಹೇಳುವುದು? ಅವರು ಕೇಳಿದ್ದು ಎರಡೇ ಪದ. ಕಾಳಿ ಎಂದ ಮೇಲೆ ಅಣೆಕಟ್ಟು ಬಿಟ್ಟು ಇನ್ನೇನು ಕೇಳುತ್ತಾರೆ ಎಂದುಕೊಂಡೆ. ಎದೆ ಸೆಟೆದು, ಇಡೀ ಸಭಾಂಗಣಕ್ಕೆ ಕೇಳುವಂತೆ ‘ಸೂಪಾ!’ ಎಂದೆ.

ಹಿರಿಯರು ಚೀಟಿಯನ್ನು ಪೂರ್ತಿ ಓದಿದರು. ‘ಕಾಳಿ ನದಿ ಹುಟ್ಟುವ ಊರು ಯಾವುದು?’

ಗಣಿತ ಮಾಸ್ತರರು ಕೈಯನ್ನೂ ಎತ್ತಿ, ಗುಂಡಿಯನ್ನೂ ಒತ್ತಿ, ಎದ್ದೂ ನಿಂತು ‘ಡಿಗ್ಗಿ’ ಎಂದರು. ನಾನು ನೌಕರಿಗೆ ಸೇರಿದ ಮೊದಲ ಎರಡು ವರ್ಷ ಇದ್ದದ್ದು ಡಿಗ್ಗಿಯಲ್ಲಿ. ಕುಡಿದದ್ದು ಆ ನೀರು.

ಸಂಜೆಯ ಬಸ್ಸಿನಲ್ಲಿ ದಾಂಡೇಲಿ ದಾಟುವವರೆಗೆ ನಾನು ತಲೆ ಎತ್ತಲಿಲ್ಲ. ನಮ್ಮ ನಡುವಿನ ಸೀಟಿನಲ್ಲಿ ಕಂಪ್ಯೂಟರ್ ಕೂತಿತ್ತು. ಅಕ್ಕೋರು ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ತಿರುಗಿದ್ದರು. ಅಳುತ್ತಿದ್ದಾರೆ, ನನ್ನಿಂದಾಗಿ ಅವರ ಮೂರು ತಿಂಗಳ ಕೆಲಸ ಹಾಳಾಯಿತು ಎಂದುಕೊಂಡೆ. ನೋಡಿದರೆ ಅವರ ಭುಜ ಕುಣಿಯುತ್ತಿತ್ತು. ಆ ಮಹಾತಾಯಿ ನಗುತ್ತಿದ್ದರು.

‘ನಗ್ತೀರೇನ್ರಿ?’ ಎಂದೆ ಸಿಟ್ಟಿನಿಂದ.

‘ಸರ, ಈ ಕಾರ್ಡಿಗೆ ಕೇಳೂದು ಕಲಸಾಕ ನನಗ ಮೂರು ತಿಂಗಳಾತು’ ಎಂದು ಅವರು ಕಣ್ಣೊರೆಸಿಕೊಂಡರು. ‘ನಿಮಗ ಎಷ್ಟ ಬೇಕಾಗ್ತೈತೋ ಅಂತ ಲೆಕ್ಕಾ ಹಾಕಾಕತ್ತಿದ್ದೆ.’

ಸಿಟ್ಟು ಬರಬೇಕಿತ್ತು. ನಾನು ಸಿಟ್ಟಿಗೆ ಹೆಸರಾದವನು. ಆದರೆ ಒಳಗೆ ಹುಡುಕಿದರೆ ಅದು ಎಲ್ಲೂ ಇರಲಿಲ್ಲ. ಇದ್ದದ್ದು ಬೇರೇನೋ, ಹಗುರವಾದದ್ದು, ಕಚಗುಳಿ ಇಡುವಂಥದ್ದು. ಅದು ಏನೆಂದು ಹೇಳಲು ನನಗೆ ಜೊಯಿಡಾದ ಕಾಡು ಶುರುವಾಗುವವರೆಗೂ ಆಗಲಿಲ್ಲ.

‘ಅಕ್ಕೋರ’ ಎಂದೆ. ‘ಹದಿನೈದು ವರ್ಷದಾಗ ನನಗ ತಪ್ಪು ಉತ್ತರ ಹೇಳಾಕೂ ಯಾರೂ ಬಿಟ್ಟಿದ್ದಿಲ್ರಿ.’

ಅವರ ನಗು ನಿಂತಿತು. ನನ್ನನ್ನೇ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಗಂಭೀರವಾಗಿ ‘ಡಿಗ್ಗಿ’ ಎಂದರು.

‘ಡಿಗ್ಗಿ’ ಎಂದೆ ನಾನು.

ಜೊಯಿಡಾ ಬರುವವರೆಗೂ ಇಬ್ಬರೂ ಸರದಿಯ ಮೇಲೆ ಅದನ್ನೇ ಹೇಳಿಕೊಂಡು ನಕ್ಕೆವು. ಕಂಡಕ್ಟರ್ ಎರಡು ಸಲ ಬಂದು, ಈ ಬಸ್ಸು ಡಿಗ್ಗಿಗೆ ಹೋಗುವುದಿಲ್ಲ ಎಂದು ತಿಳಿಸಿ ಹೇಳಿದ.